ತಲೆ ಬಲಕ್ಕಿರುವ ಮೀನು

ಸೆಪ್ಟೆಂಬರ್ 7, 1987, ಸೋಮವಾರ

ಇವತ್ತಿನಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ನಲವತ್ತೇಳನೆಯ ವಯಸ್ಸಿನಲ್ಲಿ ಮೊದಲ ಸಂಬಳದ ಕೆಲಸ. ಇದನ್ನು ಹೇಳಿಕೊಳ್ಳಲು ಈ ಪುಸ್ತಕ ಬಿಟ್ಟರೆ ಬೇರೆ ಜಾಗವಿಲ್ಲ, ಏಕೆಂದರೆ ಮನೆಯಲ್ಲಿ ಸುಳ್ಳು ಹೇಳಿದ್ದೇನೆ.

ಒಮಿಯಾ ಬೀದಿಯಲ್ಲಿ ಚಾಪೆ ಹೊಲಿಯುವವರ ಅಂಗಡಿಯ ಮೇಲಿನ ಮಹಡಿ. ನನ್ನನ್ನೂ ಸೇರಿಸಿ ಏಳು ಜನ. ಟಿವಿಗೆ ಸಿಕ್ಕಿಸಿ ಆಡುವ ಆಟವೊಂದನ್ನು ಮಾಡುತ್ತಿದ್ದಾರೆ. ನಾಲ್ವರು ಹುಡುಗ ಹುಡುಗಿಯರು ಕತ್ತಿ ಹಿಡಿದು ಊರೂರು ಅಲೆಯುತ್ತಾರೆ, ದಾರಿಯಲ್ಲಿ ಎದುರಾದದ್ದನ್ನೆಲ್ಲ ಹೊಡೆದು ಬಲಿಯುತ್ತಾರೆ. ಎದುರಾಗುವವರ ಚಿತ್ರ ಬರೆಯುವುದು ನನ್ನ ಪಾಲು. "ಚೌಕುಳಿ ಹಾಳೆಯ ಮೇಲೆ ಚಿತ್ರ ಬರೆಯಬಲ್ಲವರು ಬೇಕು" ಎಂದು ಪತ್ರಿಕೆಯಲ್ಲಿ ಬಂದಿತ್ತು. ಇಪ್ಪತ್ತನಾಲ್ಕು ವರ್ಷ ನಾನು ಮಾಡಿದ್ದು ಅದನ್ನೇ. ನನ್ನವರು ಒಬಿ, ಅಂದರೆ ಕಿಮೊನೊದ ಮೇಲೆ ಸುತ್ತುವ ಅಗಲದ ಸೊಂಟಪಟ್ಟಿ, ನೇಯುತ್ತಾರೆ. ಅವರಿಗೆ ನೂಲಿನ ಲೆಕ್ಕ ತಪ್ಪದಿರಲೆಂದು ಕೊಕ್ಕರೆ, ಅಲೆ, ಸೇವಂತಿಗೆ ಎಲ್ಲವನ್ನೂ ಚೌಕಚೌಕವಾಗಿ ಬರೆದುಕೊಡುತ್ತಿದ್ದೆ.

ಮುಖ್ಯಸ್ಥನ ಹೆಸರು ಕುರಾಶಿಗೆ, ಒಸಾಕಾದವನು. ಇಪ್ಪತ್ತೊಂಬತ್ತು ವರ್ಷ, ಬಾಯಿಗೆ ಬಾಗಿಲೇ ಇಲ್ಲ. "ಒಂದು ಪ್ರಾಣಿಗೆ ಮೂರೇ ಬಣ್ಣ, ಮುರೊಯಾ ಅವರೇ. ಜಾಸ್ತಿ ಕೇಳಿದ್ರೆ ಯಂತ್ರ ಒಪ್ಪಲ್ಲ" ಎಂದ. ಬಣ್ಣಕ್ಕೊಂದು ಲಾಳಿ, ಮೂರು ಲಾಳಿ ಅಂದರೆ ಧಾರಾಳವಾಯಿತು ಎಂದುಕೊಂಡೆ, ಹೇಳಲಿಲ್ಲ. ಮೂರು ತಿಂಗಳು ನೋಡುತ್ತಾರಂತೆ, ಆಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತಾರಂತೆ.

ಮನೆಯಲ್ಲಿ ಹೇಳಿದ್ದು: ಮುರೊಮಾಚಿಯ ಸಗಟು ವ್ಯಾಪಾರಿಯೊಬ್ಬರು ಒಬಿಯ ವಿನ್ಯಾಸ ಬರೆಯಲು ಕರೆದಿದ್ದಾರೆ. ನನ್ನವರು "ಹೂಂ" ಅಂದರು. ಏಪ್ರಿಲ್‌ನಿಂದ ಅವರಿಗೆ ಒಂದೂ ಕೆಲಸ ಬಂದಿಲ್ಲ. ಆಟಕ್ಕೆ ಗೊಂಬೆ ಬರೆಯಲು ಹೋಗುತ್ತೇನೆ ಎಂದು ಅವರ ಮುಖ ನೋಡಿ ಹೇಳಲು ನನಗೆ ಧೈರ್ಯ ಬರಲಿಲ್ಲ. ಮಗ್ಗ ಇವತ್ತೂ ಸುಮ್ಮನಿತ್ತು.

ಸೆಪ್ಟೆಂಬರ್ 11, ಶುಕ್ರವಾರ

ನನಗೆ ಕೊಟ್ಟ ಮೊದಲ ಶತ್ರು ಒಂದು ಮೀನು. ಹೆಸರು ಗಬುರಾ. ಕೊಲ್ಲಿಯ ಆಳವಿಲ್ಲದ ನೀರನ್ನು ಆ ನಾಲ್ವರು ದಾಟುವಾಗ ನೀರಿನಿಂದ ಎದ್ದು ಕಚ್ಚುತ್ತದೆ. ಅದಕ್ಕೆ ಬೇರೆ ಯಾವ ವಿದ್ಯೆಯೂ ಗೊತ್ತಿಲ್ಲ. ಬೆಂಕಿ ಉಗುಳುವುದಿಲ್ಲ, ಮಂತ್ರ ಹಾಕುವುದಿಲ್ಲ. ಕಚ್ಚುತ್ತದೆ, ಅಷ್ಟೇ.

ಅಡ್ಡ ಮೂವತ್ತೆರಡು, ಉದ್ದ ಮೂವತ್ತೆರಡು ಚೌಕ. ಎರಡು ದಿನ ಕೂತು ಬರೆದೆ. ಹೊಟ್ಟೆಯ ಹತ್ತಿರ ಹುರುಪೆಗಳು ನುಣ್ಣಗೆ ಬಂದವು, ನನಗೇ ಇಷ್ಟವಾಯಿತು. ಕುರಾಶಿಗೆ ಬಹಳ ಹೊತ್ತು ನೋಡಿದ.

"ಚೆನ್ನಾಗಿದೆ. ಉಪ್ಪು ಹಚ್ಚಿ ಸುಟ್ಟರೆ ಇನ್ನೂ ಚೆನ್ನಾಗಿರುತ್ತೆ. ಆದರೆ ಮುರೊಯಾ ಅವರೇ, ಇದು ಕಚ್ಚಲ್ಲ. ಮದುವೆ ಊಟದಲ್ಲಿ ಮಧ್ಯ ಇಡೋ ಮೀನು ಇದು."

ಎದ್ದು ನಿಂತು ತಲೆಬಾಗಿ ಕ್ಷಮೆ ಕೇಳಿದೆ. ಮೀನಿನ ಪರವಾಗಿ ಕ್ಷಮೆ ಕೇಳಿದ್ದು ಹುಟ್ಟಿದಮೇಲೆ ಇದೇ ಮೊದಲು. ಮಗ್ಗ ಸುಮ್ಮನಿತ್ತು.

ಸೆಪ್ಟೆಂಬರ್ 16, ಬುಧವಾರ

ಹಲ್ಲು ಹಾಕಿದೆ, ಹುಬ್ಬು ಗಂಟಿಕ್ಕಿಸಿದೆ. ಆದರೂ ಅದು ಮದುವೆ ಮನೆಯಲ್ಲಿ ಸ್ವಲ್ಪ ಸಿಟ್ಟಾದ ಮೀನಿನಂತೆ ಇತ್ತು. ಅದಕ್ಕಿಂತ ದೊಡ್ಡ ತಪ್ಪು ಇವತ್ತು ಗೊತ್ತಾಯಿತು.

"ಶತ್ರುಗಳೆಲ್ಲ ತೆರೆಯ ಎಡಗಡೆ ನಿಂತು ಬಲಕ್ಕೆ ನೋಡಬೇಕು. ನಮ್ಮ ಹುಡುಗರು ಬಲಗಡೆ ಇರ್ತಾರೆ" ಎಂದ ಕುರಾಶಿಗೆ. "ನಿಮ್ಮ ಮೀನೊಂದೇ ಬೆನ್ನು ತಿರುಗಿಸಿ ಮನೆಗೆ ಹೊರಟಿದೆ."

ನಿಜ. ನಾನು ತಲೆಯನ್ನು ಎಡಕ್ಕೆ ಬರೆದಿದ್ದೆ. ಮೀನಿನ ತಲೆ ಎಡಕ್ಕಲ್ಲದೆ ಇನ್ನೆಲ್ಲಿರುತ್ತದೆ? ತಟ್ಟೆಯಲ್ಲಿ ಇಡುವುದು ಹಾಗೆ, ಚಿತ್ರಪಟದಲ್ಲಿ ಬರೆಯುವುದು ಹಾಗೆ. ಮದುವೆಯಾಗಿ ಬಂದ ಮೊದಲ ವಾರ ಅವಸರದಲ್ಲಿ ಒಂದು ದಿನ ತಲೆ ಬಲಕ್ಕೆ ಮಾಡಿ ಬಡಿಸಿಬಿಟ್ಟಿದ್ದೆ. ಅತ್ತೆ ಒಂದು ಮಾತೂ ಆಡದೆ ಎರಡು ಬೆರಳಿನಿಂದ ತಟ್ಟೆ ತಿರುಗಿಸಿದರು. "ಬಲಕ್ಕೆ ತಲೆ ಇಡೋದು ಸತ್ತವರಿಗೆ" ಎಂದು ಮೂರು ದಿನದ ಮೇಲೆ ಅತ್ತಿಗೆಯ ಬಾಯಲ್ಲಿ ಹೇಳಿಸಿದರು. ಅವರು ಹೋಗಿ ಆರು ವರ್ಷವಾಯಿತು, ಆ ಎರಡು ಬೆರಳು ಇನ್ನೂ ಹೋಗಿಲ್ಲ.

ಕಂಪ್ಯೂಟರಿಗೆ ಆಜ್ಞೆ ಬರೆಯುವ ಹುಡುಗಿ ಹಿಬಿನೊ, "ಅಷ್ಟೇ ತಾನೆ? ತಿರುಗಿಸಿಬಿಡ್ತೀನಿ" ಎಂದು ಒಂದು ಗುಂಡಿ ಒತ್ತಿದಳು. ಮೀನು ಬಲಕ್ಕೆ ತಿರುಗಿತು. ಆ ಚಂದದ ಮೀನು ತೆರೆಯ ಮೇಲೆ ಹೆಣವಾಗಿ ಮಲಗಿತ್ತು. ಕುರಾಶಿಗೆಗೂ ಏನೋ ಸರಿ ಕಾಣಲಿಲ್ಲ, ಹೊಸದಾಗಿ ಬರೆಯಿರಿ ಎಂದ.

ಮಗ್ಗ ಸುಮ್ಮನಿತ್ತು. ಅವರು ಮಧ್ಯಾಹ್ನ ಅದರ ಧೂಳು ಒರೆಸಿದ್ದಾರೆ, ಬಟ್ಟೆ ಬಾವಿಕಟ್ಟೆಯ ಮೇಲೆ ಒಣಗುತ್ತಿತ್ತು.

ಸೆಪ್ಟೆಂಬರ್ 24, ಗುರುವಾರ

ಮೀನು ಇನ್ನೂ ಆಗಿಲ್ಲ. ಅಷ್ಟರಲ್ಲಿ ಕುರಾಶಿಗೆ ಬಂದು, "ಮುಂದಿನ ವಾರದೊಳಗೆ ಇನ್ನೂ ಹನ್ನೆರಡು ಶತ್ರು ಆಗಬಹುದಾ?" ಎಂದು ಕೇಳಿದ. "ಯೋಚಿಸಿ ನೋಡ್ತೀನಿ" ಎಂದೆ. ಅವನು ಖುಷಿಯಿಂದ ಹೋಗಿ ಗೋಡೆಯ ಹಲಗೆಯ ಮೇಲೆ ನನ್ನ ಹೆಸರಿನ ಮುಂದೆ ಹನ್ನೆರಡು ಎಂದು ಬರೆದ.

ಕ್ಯೋಟೊದಲ್ಲಿ ಹುಟ್ಟಿದ ಮೂರು ವರ್ಷದ ಮಗುವಿಗೂ ಗೊತ್ತು, ಯೋಚಿಸಿ ನೋಡುತ್ತೇನೆ ಎಂದರೆ ಆಗುವುದಿಲ್ಲ ಎಂದು. ಒಸಾಕಾಕ್ಕೆ ರೈಲಿನಲ್ಲಿ ಮುಕ್ಕಾಲು ಗಂಟೆ. ಅಷ್ಟರಲ್ಲಿ ಭಾಷೆ ಇಷ್ಟು ಕೆಟ್ಟುಹೋಗುತ್ತದೆ.

ಹಿಬಿನೊಗೆ ಗುಟ್ಟಾಗಿ ಹೇಳಿದೆ. ಅವಳು ನಕ್ಕು ನಕ್ಕು ಮೇಜಿಗೆ ಹಣೆ ಒತ್ತಿದಳು. "ನಿಮ್ಮೂರಲ್ಲಿ ಆಗಲ್ಲ ಅನ್ನೋ ಪದಾನೇ ಇಲ್ವಾ? ಹೋಗಿ ಹೇಳಿ ಅಕ್ಕಾ, ಏನೂ ಕಚ್ಚಲ್ಲ ಅವರು."

ಹೋಗಲಿಲ್ಲ. ಹನ್ನೆರಡನ್ನೂ ಬರೆಯುತ್ತೇನೆ. ಮಗ್ಗ ಸುಮ್ಮನಿತ್ತು.

ಅಕ್ಟೋಬರ್ 3, ಶನಿವಾರ

ಆಗಬಾರದ್ದು ಆಯಿತು. ಸ್ನಾನ ಮುಗಿಸಿ ಬರುವಾಗ ನನ್ನ ಚೀಲದ ಹಾಳೆಗಳು ನನ್ನವರ ಮೊಣಕಾಲ ಮೇಲಿದ್ದವು. ಛತ್ರಿ ಹುಡುಕಲು ಚೀಲ ತೆರೆದಿದ್ದರಂತೆ. ಏಳು ಮೀನು, ಏಳೂ ಕಚ್ಚದ ಮೀನುಗಳು. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಚೌಕ ಎಣಿಸುತ್ತಿದ್ದರು.

"ಮೂವತ್ತೆರಡು. ಸಣ್ಣ ವಿನ್ಯಾಸ. ಮಕ್ಕಳ ಒಬಿಗಾ?"

ಮುಂದಿನ ತಿಂಗಳು ಮೂರು, ಐದು, ಏಳು ವರ್ಷದ ಮಕ್ಕಳನ್ನು ಸಿಂಗರಿಸಿ ಗುಡಿಗೆ ಕರೆದೊಯ್ಯುವ ಹಬ್ಬ. ಹಾಗೆ ಅಂದುಕೊಂಡಿದ್ದಾರೆ. ನಾನು ತಲೆ ಅಲ್ಲಾಡಿಸಿದೆನೋ ಇಲ್ಲವೋ ನೆನಪಿಲ್ಲ, ಅಲ್ಲ ಎಂದಂತೂ ಹೇಳಲಿಲ್ಲ.

"ಈಗಿನ ಮಕ್ಕಳು ಇಂಥದ್ದು ಕೇಳ್ತಾರೆ ಅಂತ ಕಾಣುತ್ತೆ" ಎಂದರು. ಆಮೇಲೆ ಹಾಳೆಯನ್ನು ಕೈಯುದ್ದಕ್ಕೆ ಹಿಡಿದು, "ಮೂರೇ ಬಣ್ಣದಲ್ಲಿ ಹೊಟ್ಟೆಯ ಉಬ್ಬು ತಂದಿದ್ದೀಯಲ್ಲ. ಒಳ್ಳೆ ಕೆಲಸ" ಎಂದರು.

ಇಪ್ಪತ್ತನಾಲ್ಕು ವರ್ಷದಲ್ಲಿ ನನ್ನ ಚಿತ್ರವನ್ನು ಅವರು ಒಳ್ಳೆಯದು ಎಂದದ್ದು ಇದೇ ಮೊದಲು. ಈ ಮಾತು ಕೇಳಬೇಕೆಂದು ಎಷ್ಟೋ ಆಸೆಯಿತ್ತು. ನಿಜ ಹೇಳಿದರೆ ಆ ಮಾತು ಹಿಂದಕ್ಕೆ ಹೋಗುತ್ತದೆ. ಹೇಳಲಿಲ್ಲ.

ಅಕ್ಟೋಬರ್ 5, ಸೋಮವಾರ

ಬೆಳಿಗ್ಗೆ ಮಗ್ಗವಿರುವ ಮುಂದಿನ ಕೋಣೆಯಿಂದ ಅರ ಉಜ್ಜುವ ಸದ್ದು. ನೇಯುವುದಕ್ಕೆಂದು ಉಗುರು ಕೊರೆದುಕೊಳ್ಳುತ್ತಿದ್ದಾರೆ.

ಅಕ್ಟೋಬರ್ 14, ಬುಧವಾರ

ನಾನು ಬರುವುದು ತಡವಾಗುತ್ತದೆಂದು ಈಗ ಅವರೇ ಸಂಜೆಯ ಅಡುಗೆ ಮಾಡುತ್ತಾರೆ. ಮಿಸೊ ಸಾರು ಸಮುದ್ರದ ನೀರಿನಂತಿರುತ್ತದೆ. ನಾನು ಕುಡಿಯುತ್ತೇನೆ.

ಇವತ್ತು ಕರೇಯ್ ಮೀನು ಬೇಯಿಸಿದ್ದರು. ಚಪ್ಪಟೆಯಾದ, ನೆಲಕ್ಕೆ ಅಂಟಿ ಮಲಗುವ ಮೀನು. ಅದರ ಎರಡು ಕಣ್ಣೂ ಒಂದೇ ಬದಿಗೆ. ಕಣ್ಣು ಮೇಲೆ ಬಂದು ಹೊಟ್ಟೆ ಉಣ್ಣುವವರ ಕಡೆ ಇರಬೇಕೆಂದರೆ ತಲೆ ಬಲಕ್ಕೇ ಬರಬೇಕು. ಅತ್ತೆ ಕೂಡ ಇದೊಂದು ಮೀನಿನ ತಟ್ಟೆ ತಿರುಗಿಸುತ್ತಿರಲಿಲ್ಲ. ಇಷ್ಟು ವರ್ಷ ತಿಂದಿದ್ದೇನೆ, ಇವತ್ತು ಮೊದಲ ಸಲ ಅದರ ಮುಖ ನೋಡಿದೆ. ಸೊಟ್ಟ ಬಾಯಿ. ಯಾರನ್ನೂ ಮೆಚ್ಚಿಸುವ ಉದ್ದೇಶವಿಲ್ಲದ ಮುಖ. ಬಲಕ್ಕೆ ತಿರುಗಿಯೂ ಅದು ಹೆಣದಂತೆ ಕಾಣಲಿಲ್ಲ, ಬದಲಿಗೆ ನನ್ನ ಮೇಲೆ ಅದಕ್ಕೆ ಏನೋ ಹಳೆಯ ಸಿಟ್ಟು ಇದ್ದಂತಿತ್ತು.

ಅವರು ಊಟದ ಕಡ್ಡಿಯಿಂದ ಮೀನಿನ ಬೆನ್ನು ಬಿಡಿಸಿ ನನ್ನ ಬಟ್ಟಲಿಗೆ ಹಾಕಿದರು. ಬಲಗೈಯ ನಡುಬೆರಳು, ಉಂಗುರದ ಬೆರಳುಗಳ ಉಗುರು ಕಣ್ಣಿಗೆ ಬಿತ್ತು. ಗರಗಸದಂತೆ ಹಲ್ಲು ಹಲ್ಲಾಗಿ ಕೊರೆದ ಉಗುರು. ಹೊಕ್ಕಿನ ನೂಲನ್ನು ಗೀರಿ ಬಿಗಿಯಾಗಿ ಕೂರಿಸಲು ನಮ್ಮ ನೇಕಾರರು ಇಟ್ಟುಕೊಳ್ಳುವಂಥದು. ಹಲ್ಲುಗಳೆಲ್ಲ ಒಂದೇ ಸಮ ಇಲ್ಲ. ಕಣ್ಣಂದಾಜಿನಲ್ಲಿ ಅರದಿಂದ ಕೊರೆದದ್ದು, ಒಂದೊಂದು ಒಂದೊಂದು ತರ ಇವೆ.

ಊಟದ ಮೇಜಿನ ಮೇಲೇ ಹಾಳೆ ತೆಗೆದೆ. "ತಣ್ಣಗಾಗುತ್ತೆ" ಎಂದರು. "ಆಗಲಿ ಬಿಡಿ" ಎಂದೆ.

ಅಕ್ಟೋಬರ್ 16, ಶುಕ್ರವಾರ

ತೆರೆಯ ಮೇಲೆ ಗಬುರಾ ಬಂದಿತು. ತೆರೆ ಮುಟ್ಟಲು ಹೋದ ಹಿಬಿನೊ ಬೆರಳು ಹಿಂದಕ್ಕೆಳೆದುಕೊಂಡಳು, ಆಮೇಲೆ ಹಾಗೆ ಮಾಡಿದ್ದಕ್ಕೆ ತಾನೇ ನಕ್ಕಳು.

"ಈ ಹಲ್ಲು ಎಲ್ಲಿಂದ ತಂದ್ರಿ?"

"ಮನೆಯಿಂದ" ಎಂದೆ.

ಅದು ಹೇಗೆ ಕಚ್ಚಬೇಕೆಂದು ನನ್ನನ್ನೇ ಕೇಳಿದಳು. ಕಚ್ಚಿ ಓಡಿಹೋಗುತ್ತದೋ, ಮತ್ತೆ ಮತ್ತೆ ಕಚ್ಚುತ್ತದೋ. ಓಡುವುದು ಬೇಡ ಎಂದೆ. ಒಂದು ಸಲ ಹಿಡಿದರೆ ಮೂರು ಸರದಿ ಬಿಡಬಾರದು. ಹಿಬಿನೊ ಹಾಗೇ ಬರೆದಳು. ಹಲಗೆಯ ಮೇಲೆ ನನ್ನ ಹೆಸರಿನ ಮುಂದೆ ಈಗ ಐದು ಇದೆ. ನಾನೇ ಅಳಿಸಿ ಬರೆದದ್ದು. ಉಳಿದ ಏಳು ಬೇರೆಯವರು ಬರೆಯಲಿ.

ಅಕ್ಟೋಬರ್ 27, ಮಂಗಳವಾರ

ಇವತ್ತು ರಜೆ ಹಾಕಿದ್ದೆ, ಹಲ್ಲುನೋವು. ಹಳೆಯ ಮಗ್ಗ ಕೊಂಡು ಬಿಚ್ಚಿ ಒಯ್ಯುವ ಯೋಕೊಯಿ ಬಂದಿದ್ದ. ಬೇಸಿಗೆಯಲ್ಲೇ ಬಂದು ಅಳತೆ ತೆಗೆದುಕೊಂಡು ಹೋಗಿದ್ದವನು. ಚಹಾ ತೆಗೆದುಕೊಂಡು ಹೋದಾಗ ಮಾತು ನಡೆದಿತ್ತು.

"ಇಲ್ಲಪ್ಪ, ಈಗ ಆಗಲ್ಲ" ಎನ್ನುತ್ತಿದ್ದರು ಇವರು. "ಕೆಲಸ ಬಂದಿದೆ. ಮಕ್ಕಳ ಒಬಿ. ಇವಳದೇ ವಿನ್ಯಾಸ."

ಯೋಕೊಯಿ ನನ್ನ ಕಡೆ ನೋಡಿ, "ಹಾಗಾದರೆ ನಿಮ್ಮಿಂದ ನನ್ನ ಹೊಟ್ಟೆಗೆ ಹೊಡೆತ, ಅಕ್ಕಾವ್ರೇ" ಎಂದು ನಕ್ಕ. ನಾನೂ ನಕ್ಕೆ. ತಟ್ಟೆ ಇಟ್ಟು ಒಳಗೆ ಬಂದೆ. ಮಗ್ಗಕ್ಕೆ ಹೊಸ ಹಾಸು ಹೂಡಿದ್ದಾರೆ. ಮನೆಯಲ್ಲಿ ಉಳಿದಿದ್ದ ಕೊನೆಯ ಒಳ್ಳೆಯ ರೇಷ್ಮೆ ಅದು, ಮಗಳ ಮದುವೆಗೆಂದು ತೆಗೆದಿಟ್ಟು, ಅವಳು ಬಿಳಿ ಗೌನು ಹಾಕಿಕೊಂಡಿದ್ದರಿಂದ ಉಳಿದದ್ದು.

ಈಗಲಾದರೂ ಹೇಳಬೇಕು. ನಾಚಿಕೆಯಾಗುತ್ತದೆ. ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನವೆಂಬರ್ 9, ಸೋಮವಾರ

ಹೇಳಿದೆ.

ಸಂಜೆ ಬರುವಾಗ ಅವರು ಬಾಗಿಲಲ್ಲೇ ಕಾಯುತ್ತಿದ್ದರು. ಅಂಗೈಯಗಲದ ಬಟ್ಟೆಯೊಂದನ್ನು ನನ್ನ ಮುಂದೆ ಇಟ್ಟರು. ಗಬುರಾ. ಊಟದ ಮೇಜಿನ ಮೇಲೆ ನಾನು ಬರೆದ ಅದೇ ಮೂರು ಬಣ್ಣ, ಅದೇ ಸೊಟ್ಟ ಬಾಯಿ. ನನ್ನ ಮೂವತ್ತೆರಡು ಚೌಕದ ಒರಟು ಅಂಚುಗಳನ್ನು ಅವರ ಉಗುರು ನೀರಿನಂತೆ ಹರಿಸಿತ್ತು. ತಲೆ ಮಾತ್ರ ಎಡಕ್ಕಿತ್ತು.

"ನೀನು ಅವಸರದಲ್ಲಿ ತಿರುವುಮುರುವು ಬರೆದಿದ್ದೆ" ಎಂದರು ಮೆಲ್ಲಗೆ. "ಮಕ್ಕಳು ಗುಡಿಗೆ ಉಡೋದು, ತಲೆ ಬಲಕ್ಕಿದ್ದರೆ ವ್ಯಾಪಾರಿ ಏನಂದಾನು? ಯಾರಿಗೂ ಗೊತ್ತಾಗೋ ಮೊದಲು ಸರಿ ಮಾಡಿದ್ದೀನಿ. ಇದನ್ನ ತೋರಿಸು. ಒಪ್ಪಿದರೆ ಹಬ್ಬ ಕಳೆದರೂ ಬರೋ ವರ್ಷಕ್ಕೆ ಆಗುತ್ತೆ."

ನನ್ನ ತಪ್ಪು ಮುಚ್ಚಲು ಮನೆಯ ಕೊನೆಯ ರೇಷ್ಮೆಯಲ್ಲಿ ನೇಯ್ದಿದ್ದರು. ಅಲ್ಲೇ ಕೂತು ಎಲ್ಲ ಹೇಳಿದೆ. ಒಮಿಯಾ ಬೀದಿ, ಚಾಪೆ ಅಂಗಡಿ, ಟಿವಿ ಆಟ, ವ್ಯಾಪಾರಿ ಎಂಬವನೇ ಇಲ್ಲ ಎಂಬುದು.

"ಹಾಗಾದರೆ ಇದು ಯಾರೂ ಉಡೋದಲ್ಲ."

"ಅಲ್ಲ."

"ಯಾರು ನೋಡ್ತಾರೆ?"

"ಮಕ್ಕಳು. ಟಿವಿಯಲ್ಲಿ."

"ನೋಡಿ ಏನು ಮಾಡ್ತಾರೆ?"

"ಕೊಲ್ತಾರೆ" ಎಂದೆ.

ಅವರು ಬಟ್ಟೆಯನ್ನು ಎತ್ತಿಕೊಂಡು, ಮಡಿಸಿ, ಮತ್ತೆ ಬಿಡಿಸಿ ಕೆಳಗಿಟ್ಟರು. "ಯೋಕೊಯಿಯನ್ನ ವಾಪಸ್ ಕಳಿಸಿದೆನಲ್ಲ ನಾನು" ಎಂದರು. ಎದ್ದು ಹೋಗಿ ಮುಂದಿನ ಕೋಣೆಯ ಬಾಗಿಲು ಎಳೆದುಕೊಂಡರು.

ನವೆಂಬರ್ 12, ಗುರುವಾರ

ಮಾತಿಲ್ಲ. ಸಂಜೆಯ ಅಡುಗೆಯೂ ಇಲ್ಲ. ನಾನೇ ಮಾಡಿದೆ, ಇಬ್ಬರೂ ತಿಂದೆವು. ಉಪ್ಪು ಸರಿಯಾಗಿತ್ತು, ಆದರೂ ಸಪ್ಪೆ ಎನಿಸಿತು.

ನವೆಂಬರ್ 17, ಮಂಗಳವಾರ

ಆಟವನ್ನು ಮಾರುವ ಕಂಪನಿಯವರು ಬಂದು ನೋಡಿ ಹೋದರಂತೆ. ಕುರಾಶಿಗೆ ನನ್ನ ಮೇಜಿಗೆ ಬಂದ.

"ಎಲ್ಲಾ ಇಷ್ಟವಾಗಿದೆ ಅವರಿಗೆ. ಈ ಮೀನಿನ ಹಲ್ಲು ಮಾತ್ರ ಮಕ್ಕಳಿಗೆ ಹೆದರಿಕೆ ಆಗುತ್ತೆ ಅಂದ್ರು. ಸ್ವಲ್ಪ ದುಂಡಗೆ ಮಾಡಿಬಿಡಿ. ನಾಲ್ಕು ಚೌಕದ ಕೆಲಸ."

"ಆಗಲ್ಲ" ಎಂದೆ.

"ಒಂದ್ಸಲ ಯೋಚಿಸಿ ನೋಡಿ."

"ಯೋಚಿಸಿದೆ. ಆಗಲ್ಲ. ಕಡಿತದ ಪೆಟ್ಟು ಬೇಕಾದರೆ ಕಮ್ಮಿ ಮಾಡಿ, ಅದು ನಿಮ್ಮ ಲೆಕ್ಕ. ಹಲ್ಲು ಮುಟ್ಟಕೂಡದು. ದುಂಡಗಿನ ಹಲ್ಲೇ ಬೇಕಿದ್ದರೆ ಬೇರೆಯವರ ಕೈಲಿ ಬೇರೆ ಮೀನು ಬರೆಸಿ, ಇದನ್ನ ನನಗೆ ವಾಪಸ್ ಕೊಡಿ."

ಹಿಬಿನೊ ಕೈಯಲ್ಲಿದ್ದ ಬಿಸ್ಕತ್ತು ಬಾಯಿಗೆ ಹೋಗದೆ ನಿಂತಿತ್ತು. ಕುರಾಶಿಗೆ ಕುತ್ತಿಗೆ ಕೆರೆದುಕೊಂಡು, "ಸರಿ, ಪೆಟ್ಟು ಕಮ್ಮಿ ಮಾಡೋಣ" ಎಂದು ಹೊರಟುಹೋದ.

ದಾರಿಯಲ್ಲಿ ಮೂಲಂಗಿ ತಂದೆ. ಈ ವರ್ಷ ಮೂಲಂಗಿ ಚೆನ್ನಾಗಿ ಬಂದಿದೆ. ಅವರು ಇವತ್ತೂ ಮಾತಾಡಲಿಲ್ಲ.

ನವೆಂಬರ್ 23, ಸೋಮವಾರ, ರಜೆ

ತಪ್ಪು ಹುಡುಕಲೆಂದು ಆಟವನ್ನು ಎಲ್ಲರೂ ಸರದಿಯಂತೆ ಮನೆಗೆ ಒಯ್ಯುತ್ತಿದ್ದೇವೆ. ಇವತ್ತು ನನ್ನ ಸರದಿ. ಮುಚ್ಚಿಡಲು ಇನ್ನೇನೂ ಉಳಿದಿಲ್ಲವಾದ್ದರಿಂದ ಮಧ್ಯಾಹ್ನದ ಬೆಳಕಿನಲ್ಲೇ ಕೂತು, ಟಿವಿಗೆ ಸಿಕ್ಕಿಸಿ ಆಡಿದೆ. ಅವರು ಪತ್ರಿಕೆ ಹಿಡಿದು ಹಿಂದೆ ಕೂತಿದ್ದರು.

ಕೊಲ್ಲಿಯ ಹತ್ತಿರ ಹೋದೆ. ಮೊದಲ ಹೆಜ್ಜೆಗೇ ಗಬುರಾ. ನಾಲ್ವರೂ ಸತ್ತರು. ಮತ್ತೆ ಹೋದೆ, ಮತ್ತೆ ಸತ್ತರು. ನನ್ನ ಬೆರಳು ಗುಂಡಿಗಳ ಮೇಲೆ ತಡವರಿಸುತ್ತದೆ. ಮೂರನೆಯ ಸಲ ಹಿಂದಿನಿಂದ ದನಿ ಬಂತು. ಎರಡು ವಾರದ ಮೇಲೆ ಮೊದಲ ಮಾತು.

"ನೀನು ಸಾಕಿದ ಮೀನು ನಿನ್ನನ್ನೇ ತಿಂತಿದೆ."

ತಿರುಗಿ ನೋಡಲಿಲ್ಲ. ಕಂಟ್ರೋಲರನ್ನು ಹಿಂದಕ್ಕೆ ಚಾಚಿದೆ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದೆ, ಆಮೇಲೆ ಕೈ ಹಗುರಾಯಿತು. ಅವರ ಬೆರಳುಗಳಿಗೆ ಗುಂಡಿ ಅಭ್ಯಾಸವಾಗಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಆದರೂ ಕಚ್ಚಿಸಿಕೊಂಡರು. ಒಂದು ಸಲ ಗಬುರಾ ಹಿಡಿದಾಗ ಆಟವನ್ನು ಹಾಗೇ ನಿಲ್ಲಿಸಿ, ಟಿವಿಯ ಹತ್ತಿರ ಸರಿದು, ಕನ್ನಡಕ ಹಣೆಗೇರಿಸಿ ನೋಡಿದರು. ತಮ್ಮ ಬಲಗೈಯ ಉಗುರುಗಳನ್ನು ತೆರೆಯ ಪಕ್ಕ ಹಿಡಿದರು.

"ನಡುಬೆರಳು."

"ನಡುಬೆರಳು, ಉಂಗುರದ ಬೆರಳು, ಎರಡೂ" ಎಂದೆ.

"ನೇಯುವಾಗ ಕಾಣಲೇ ಇಲ್ಲ ನನಗೆ." ಹಲ್ಲುಗಳನ್ನು ಎಣಿಸಿ, "ಒಂದು ಹಲ್ಲು ಕಮ್ಮಿ ಹಾಕಿದ್ದೀಯ."

"ಮೂವತ್ತೆರಡು ಚೌಕದಲ್ಲಿ ಜಾಗ ಸಾಲಲಿಲ್ಲ ರೀ."

"ಹೂಂ" ಅಂದರು. ಸಂಜೆಯವರೆಗೆ ಆಡಿದರು. ಕೊಲ್ಲಿ ದಾಟಲಿಲ್ಲ.

ನವೆಂಬರ್ 29, ಭಾನುವಾರ

ಬೆಳಗಿನಿಂದ ಮಗ್ಗದ ಸದ್ದು. ಏನು ನೇಯುತ್ತಿದ್ದೀರಿ ಎಂದು ಕೇಳಲಿಲ್ಲ. ನನ್ನನ್ನು ಖಾಯಂ ಮಾಡಿದ್ದಾರೆ, ಶುಕ್ರವಾರವೇ ಹೇಳಿದರು. ಬರೆಯಲು ಮರೆತಿದ್ದೆ.

ಡಿಸೆಂಬರ್ 6, ಭಾನುವಾರ

ಯೋಕೊಯಿಗೆ ಅವರೇ ಫೋನ್ ಮಾಡಿದ್ದರಂತೆ. ಬೆಳಿಗ್ಗೆ ಇಬ್ಬರನ್ನು ಕರೆದುಕೊಂಡು ಬಂದ. ಮಗ್ಗ ಬಿಚ್ಚಲು ಒಂದೂವರೆ ಗಂಟೆ ಸಾಕಾಯಿತು. ಇಷ್ಟು ವರ್ಷದ ಮೇಲೆ ಇನ್ನೂ ಹೆಚ್ಚು ಹೊತ್ತು ಹಿಡಿಯಬಹುದು ಎಂದುಕೊಂಡಿದ್ದೆ. ಅವರು ಪ್ರತಿ ಮರವನ್ನೂ ತಾವೇ ಒಂದು ತುದಿ ಹಿಡಿದು ಗಾಡಿಗೆ ಏರಿಸಿದರು. ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅವರು ಅಳಲಿಲ್ಲ, ಅಥವಾ ನಾನು ನೋಡಲಿಲ್ಲ.

ಗಾಡಿ ಹೋದಮೇಲೆ ಖಾಲಿ ನೆಲದ ಮೇಲೆ ಕೂತು ನನ್ನನ್ನು ಕರೆದರು. ಅಂಗೈಯಗಲದ ಬಟ್ಟೆ, ಉಳಿದ ಹಾಸಿನಲ್ಲಿ ನೇಯ್ದದ್ದು. ಗಬುರಾ. ಈ ಸಲ ಹಲ್ಲಿನ ಸಾಲಿನಲ್ಲಿ ನಾನು ಬಿಟ್ಟಿದ್ದ ಹಲ್ಲೂ ಇತ್ತು.

"ರೀ, ತಲೆ ಬಲಕ್ಕಿದೆ" ಎಂದೆ.

"ಮತ್ತೆ? ಎಡಕ್ಕಿದ್ದರೆ ಯಾರನ್ನ ಕಚ್ಚುತ್ತೆ ಅದು?"

ಆಮೇಲೆ ಬಿಸಿಲು ಬೀಳುವಲ್ಲಿ ಪತ್ರಿಕೆ ಹಾಸಿ, ಉಗುರು ಕತ್ತರಿಸುವುದನ್ನು ತರಲು ಹೇಳಿದರು. ಎಡಗೈ ಮುಗಿಸಿದರು. ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು, ಉಂಗುರದ ಬೆರಳು, ಕಿರುಬೆರಳು. ಟಕ್ ಟಕ್ ಎಂದು ಕತ್ತರಿಸಿದ ಉಗುರುಗಳು ಪತ್ರಿಕೆಯ ಮೇಲೆ ಬಿದ್ದವು. ನಡುಬೆರಳಿನ ಹತ್ತಿರ ಬಂದು ನಿಲ್ಲಿಸಿದರು.

"ಅದೊಂದು ಉಳೀತು" ಎಂದೆ.

"ಇರಲಿ. ಇನ್ನೊಂದು ಮೀನು ಬರಿ ಅಂದರೆ ಏನು ನೋಡಿ ಬರೀತೀಯ?"

ಪತ್ರಿಕೆ ಮಡಿಚಿ ನನ್ನ ಕೈಗೆ ಕೊಟ್ಟು, ಸಂಜೆಗೆ ಯಾವ ಮೀನು ತರಲಿ ಎಂದು ಕೇಳಿದರು. ಕರೇಯ್ ತನ್ನಿ ಎಂದೆ.